ಸೊಳ್ಳೆಯೂ ಸುಗಂಧ ತೈಲವೂ: ಧಾರವಾಡ-ಉತ್ತರ ಕನ್ನಡ ಸೀಮೆಯ ಅನುಭವದ ದೃಷ್ಟಿಯಿಂದ ಒಂದು ವಿವೇಚನೆ

ಸೊಳ್ಳೆಯನ್ನು ದೂರವಿಡುವುದಕ್ಕೆ ಸುವಾಸನೆಯ ವಸ್ತುಗಳನ್ನು ಬಳಸುವ ರೂಢಿ ನಮ್ಮ ನಾಡಿನಲ್ಲಿ ಬಹಳ ಹಳೆಯದು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಲೋಬಾನದ ಹೊಗೆ ಹಾಕುವುದು, ದನದ ಕೊಟ್ಟಿಗೆಯಲ್ಲಿ ಬೇವಿನ ಇಲ್ಲವೆ ಲಕ್ಕಿಯ ಹಸಿ ಸೊಪ್ಪನ್ನು ಕೆಂಡದ ಮೇಲೆ ಚೆಲ್ಲುವುದು, ಮಲಗುವ ಮುನ್ನ ಕೈಕಾಲುಗಳಿಗೆ ಬೇವಿನೆಣ್ಣೆ ಸವರಿಕೊಳ್ಳುವುದು, ಇವೆಲ್ಲ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹಳ್ಳಿಗಳಿಗೆ ಅಪರಿಚಿತವಾದ ಸಂಗತಿಗಳಲ್ಲ. ಈ ಭಾಗದಲ್ಲಿ ಸೊಳ್ಳೆಗೆ ಗುಂಗಾಡು ಎನ್ನುವ ರೂಢಿಯೂ ಉಂಟು. ಕಿವಿಯ ಬಳಿ ಅದು ಮಾಡುವ ಸದ್ದೇ ಆ ಹೆಸರಿನಲ್ಲಿ ಅಡಗಿದೆಯೋ ಏನೋ ಎನಿಸುತ್ತದೆ. ಈಚಿನ ವರುಷಗಳಲ್ಲಿ ಅದೇ ಹಳೆಯ ರೂಢಿ ಹೊಸ ವೇಷ ತೊಟ್ಟು ಪೇಟೆಗೆ ಬಂದಿದೆ. ಸಿಟ್ರೊನೆಲಾ, ಮಜ್ಜಿಗೆ ಹುಲ್ಲು, ನೀಲಗಿರಿ, ಲವಂಗ ಮೊದಲಾದ ತೈಲಗಳ ಸಣ್ಣ ಸೀಸೆಗಳು "ನೈಸರ್ಗಿಕ" ಎಂಬ ಹಣೆಪಟ್ಟಿಯೊಡನೆ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಇವು ನಿಜವಾಗಿಯೂ ಸೊಳ್ಳೆಯನ್ನು ಓಡಿಸುತ್ತವೆಯೆ ಎಂಬುದು ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆ.

ಮೇಲುನೋಟಕ್ಕೆ ಇದು ರಸಾಯನಶಾಸ್ತ್ರದ ಪ್ರಶ್ನೆ. ಆದರೆ ಇದಕ್ಕೆ ಇತಿಹಾಸದ ಮುಖವೊಂದು ಇದೆ. ಅದೂ ನಮ್ಮ ಸೀಮೆಯ ಇತಿಹಾಸದ್ದೇ. ಹೊಗೆ, ಎಣ್ಣೆ, ಸುಗಂಧಗಳ ಜ್ಞಾನ ಇಷ್ಟು ಪುರಾತನವೂ ಸರ್ವಸಾಧಾರಣವೂ ಆಗಿದ್ದಲ್ಲಿ, ಧಾರವಾಡದ ಪಶ್ಚಿಮದ ಅಂಚಿನಿಂದ ಹಳಿಯಾಳ, ಯಲ್ಲಾಪುರ, ಸೂಪಾಗಳವರೆಗಿನ ಕಾಡು ಸೀಮೆಯನ್ನು ಚಳಿಜ್ವರವು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಏಕೆ ಹಿಂಡುತ್ತಲೇ ಇದ್ದಿತು? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಹಿಡಿದುಕೊಂಡು ಮುಂದುವರಿಯುತ್ತದೆ.

ಮೊದಲು ನಮ್ಮ ಗ್ರಂಥಗಳ ಕಡೆ ನೋಡಬಹುದು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಸೊಳ್ಳೆಯ ಐದು ಬಗೆಗಳನ್ನು ಹೆಸರಿಸಲಾಗಿದೆ: ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ ಮತ್ತು ಪಾರ್ವತೀಯ. ಅಲ್ಲಿ ಸೊಳ್ಳೆಯು ವಿಷಕೀಟಗಳ ಸಾಲಿಗೆ ಸೇರಿದೆ. ಕಚ್ಚಿದೆಡೆಯ ತುರಿಕೆ, ಬಾವುಗಳ ವಿಚಾರ ಅಲ್ಲಿಯದು. ಕನ್ನಡಕ್ಕೆ ಬಂದರೆ, ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಸುಮಾರು ಕ್ರಿ. ಶ. ೧೦೨೫ರ ವೇಳೆಗೆ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಸುಗಂಧ ದ್ರವ್ಯಗಳ ತಯಾರಿಕೆಗೇ ಮೀಸಲಾದ ಭಾಗವಿದೆ. ನೂರು ವರ್ಷಗಳ ತರುವಾಯ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವು ರಾಜನ ಭೋಗಗಳಲ್ಲಿ ಧೂಪಭೋಗವನ್ನೂ ಎಣಿಸುತ್ತದೆ. ಧಾರವಾಡ, ಲಕ್ಕುಂಡಿ, ಅಣ್ಣಿಗೇರಿಗಳು ಈ ಅರಸರ ಆಳಿಕೆಗೆ ಒಳಪಟ್ಟ ಊರುಗಳೇ ಆಗಿದ್ದುದರಿಂದ ಈ ಗ್ರಂಥಗಳನ್ನು ನಮ್ಮ ನೆಲದ ಸಾಕ್ಷ್ಯವೆಂದೇ ಭಾವಿಸಬಹುದು.

ಆದರೆ ಈ ಸಾಕ್ಷ್ಯವನ್ನು ಬಳಸುವಾಗ ಎಚ್ಚರ ಬೇಕು. ಧೂಪಭೋಗ ಎಂಬ ಹೆಸರೇ ಸೂಚಿಸುವಂತೆ ಅಲ್ಲಿಯ ಧೂಪದ ಗುರಿ ಭೋಗ. ಚಂದನ, ಅಗರು, ಕರ್ಪೂರ, ಗುಗ್ಗುಳಗಳು ಅರಮನೆಯ ಹಾಗೂ ದೇವಾಲಯದ ವಸ್ತುಗಳು. ಅವುಗಳ ಹೊಗೆಯಿಂದ ಸೊಳ್ಳೆ ದೂರ ಸರಿದಿದ್ದರೆ ಅದು ಆನುಷಂಗಿಕ ಲಾಭ. "ನಮ್ಮ ಹಿರಿಯರಿಗೆ ಮಲೇರಿಯದ ಮದ್ದು ಗೊತ್ತಿತ್ತು" ಎಂದು ಇವುಗಳ ಆಧಾರದ ಮೇಲೆ ಹೇಳುವವರು ಗ್ರಂಥದಲ್ಲಿ ಇಲ್ಲದ ಅರ್ಥವನ್ನು ಅದರೊಳಗೆ ತುಂಬುತ್ತಾರೆ. ಆ ಸುಗಂಧಶಾಸ್ತ್ರದ ನಿಜವಾದ ಹಿರಿಮೆ ಬೇರೆಯದು. ಬೇಗನೆ ಆರಿಹೋಗುವ ಪರಿಮಳವನ್ನು ನಿಧಾನವಾಗಿ ಆರುವ ಚಂದನಾದಿ ದ್ರವ್ಯಗಳ ಜೊತೆ ಬೆರೆಸಿ, ಎಣ್ಣೆಯಲ್ಲಿ ನೆನೆಸಿ, ಅದನ್ನು ಬಹುಕಾಲ ಹಿಡಿದಿಡುವ ಕಲೆ ಗಂಧಿಗರ ಕಸುಬಿನ ತಿರುಳು. ಈ ಸಂಗತಿ ನಮ್ಮ ಪ್ರಶ್ನೆಗೆ ಮುಂದೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಸಸ್ಯ ಮತ್ತು ಸೊಳ್ಳೆಗಳ ವಿಷಯದಲ್ಲಿ ಹೆಚ್ಚು ಪ್ರಚಾರ ಪಡೆದ ಆಧುನಿಕ ಸಾಕ್ಷ್ಯ ತುಳಸಿಯದು. ೧೯೦೩ರಲ್ಲಿ ಸರ್ ಜಾರ್ಜ್ ಬರ್ಡ್‌ವುಡ್ ಎಂಬವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಪತ್ರದಲ್ಲಿ ಮುಂಬಯಿಯ ವಿಕ್ಟೋರಿಯಾ ಉದ್ಯಾನದ ಕತೆಯೊಂದನ್ನು ಹೇಳಿದರು. ಉದ್ಯಾನವನ್ನು ನಿರ್ಮಿಸುವಾಗ ಕೆಲಸಗಾರರು ಸೊಳ್ಳೆ ಮತ್ತು ಜ್ವರಗಳಿಂದ ಬಳಲಿದರೆಂದೂ, ಹಿಂದೂ ಮೇಲ್ವಿಚಾರಕನ ಸಲಹೆಯಂತೆ ಸುತ್ತಲೂ ತುಳಸಿಯನ್ನು ನೆಟ್ಟಮೇಲೆ ಸೊಳ್ಳೆಯೂ ಜ್ವರವೂ ತೊಲಗಿದವೆಂದೂ ಅದರ ಸಾರಾಂಶ. ಅಂದಿನಿಂದ ಇಂದಿನವರೆಗೆ ತುಳಸಿಯ ಮಹಿಮೆಯನ್ನು ಹೇಳುವ ಪುಸ್ತಕಗಳಲ್ಲಿ ಈ ಕತೆ ಬಗೆಬಗೆಯಾಗಿ ಮರುಕಳಿಸುತ್ತದೆ. ಇತಿಹಾಸದ ವಿದ್ಯಾರ್ಥಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ಹೇಳಿದವರು ಘಟನೆ ನಡೆದು ದಶಕಗಳು ಕಳೆದಮೇಲೆ ನೆನಪಿನಿಂದ ಬರೆದರು. ತಗ್ಗು ನೆಲವನ್ನು ಉದ್ಯಾನವಾಗಿ ಮಾರ್ಪಡಿಸುವಾಗ ಗುಂಡಿಗಳನ್ನು ಮುಚ್ಚುವುದೂ ನೀರಿಗೆ ಹಾದಿ ಮಾಡಿಕೊಡುವುದೂ ಸಹಜ. ಅದರ ಪಾಲನ್ನು ತುಳಸಿಯ ಪಾಲಿನಿಂದ ಬೇರ್ಪಡಿಸುವ ಉಪಾಯ ಆ ಪತ್ರದಲ್ಲಿಲ್ಲ. ಎರಡು ಸಂಗತಿಗಳು ಒಂದರ ಹಿಂದೆ ಒಂದು ನಡೆದುವೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದರ ಕಾರಣವಾಗುವುದಿಲ್ಲ. ಅಲ್ಲದೆ ಜೀವಂತ ಗಿಡವು ತನ್ನ ತೈಲವನ್ನು ಎಲೆಯ ಸೂಕ್ಷ್ಮ ಗ್ರಂಥಿಗಳಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಎಲೆಯನ್ನು ಹಿಸುಕಿದಾಗಲೋ ಸುಟ್ಟಾಗಲೋ ಅದು ಹೊರಬೀಳುವುದೇ ಹೊರತು, ಅಂಗಳದಲ್ಲಿ ಗಿಡ ನಿಂತ ಮಾತ್ರಕ್ಕೆ ಅಲ್ಲ.

ಹಾಗಾದರೆ ಹೊರಬಿದ್ದ ತೈಲ ಏನು ಮಾಡುತ್ತದೆ? ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆಯ ಬೆಳವಣಿಗೆಗೆ ಅದಕ್ಕೆ ರಕ್ತ ಬೇಕು. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡು, ಬೆವರಿನ ಲ್ಯಾಕ್ಟಿಕ್ ಆಮ್ಲ, ಮೈಯ ಕಾವು ಮತ್ತು ತೇವ, ಇವುಗಳ ಜಾಡು ಹಿಡಿದು ಅದು ನಮ್ಮಲ್ಲಿಗೆ ಬರುತ್ತದೆ. ಸಿಟ್ರೊನೆಲಾ ಹುಲ್ಲಿನಲ್ಲಿರುವ ಸಿಟ್ರೊನೆಲಾಲ್, ಮಜ್ಜಿಗೆ ಹುಲ್ಲಿನಲ್ಲಿರುವ ಸಿಟ್ರಾಲ್ ಮೊದಲಾದ ದ್ರವ್ಯಗಳು ಚರ್ಮದಿಂದ ಆವಿಯಾಗಿ ಮೇಲೆದ್ದು ಸೊಳ್ಳೆಯ ಮೀಸೆಯ ಮೇಲಿನ ಘ್ರಾಣೇಂದ್ರಿಯಗಳನ್ನು ಕೆಣಕುತ್ತವೆ. ಸೊಳ್ಳೆ ಇಳಿಯದೆ ಹೊರಳಿಕೊಳ್ಳುತ್ತದೆ. ಇಷ್ಟು ಮಟ್ಟಿಗೆ ಜನರ ನಂಬಿಕೆ ಸುಳ್ಳಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಸೈನ್ಯದಲ್ಲಿಯೂ ಸಿಟ್ರೊನೆಲಾ ತೈಲದ ಲೇಪಗಳು ಬಳಕೆಯಲ್ಲಿದ್ದವು. ಅಮೆರಿಕದಲ್ಲಿ ೧೯೪೮ರಲ್ಲಿ ಅದು ಕೀಟನಿವಾರಕವೆಂದು ನೋಂದಣಿಯಾಯಿತು.

ಆದರೆ ಆವಿಯಾಗಿ ಮೇಲೇಳುವ ಗುಣವೇ ಈ ತೈಲಗಳ ಬಲ. ಅದೇ ಅವುಗಳ ದೌರ್ಬಲ್ಯ. ಆವಿಯಾಗದಿದ್ದರೆ ಸೊಳ್ಳೆಗೆ ವಾಸನೆ ತಟ್ಟದು. ಆವಿಯಾಗುತ್ತ ಹೋದರೆ ಕೆಲ ಹೊತ್ತಿನಲ್ಲಿಯೇ ಮೈಮೇಲೆ ಏನೂ ಉಳಿಯದು. ೨೦೦೨ರಲ್ಲಿ ಫ್ರಾಡಿನ್ ಮತ್ತು ಡೇ ಎಂಬವರು ಅಮೆರಿಕದಲ್ಲಿ ನಡೆಸಿದ ಪ್ರಯೋಗದಲ್ಲಿ ಸ್ವಯಂಸೇವಕರು ತೈಲ ಸವರಿದ ತೋಳುಗಳನ್ನು ಸೊಳ್ಳೆಗಳಿದ್ದ ಪಂಜರದೊಳಗೆ ಇಟ್ಟು ಮೊದಲ ಕಡಿತದವರೆಗಿನ ಕಾಲವನ್ನು ಅಳೆದರು. ಶೇಕಡಾ ೨೩.೮ರಷ್ಟು ಡೀಟ್ ಎಂಬ ಕೃತಕ ದ್ರವ್ಯವುಳ್ಳ ಲೇಪ ಸರಾಸರಿ ೩೦೧.೫ ನಿಮಿಷ ಕಾಪಾಡಿತು. ಶೇಕಡಾ ೨ರ ಸೋಯಾ ಎಣ್ಣೆಯ ಲೇಪ ೯೪.೬ ನಿಮಿಷ, ಸಿಟ್ರೊನೆಲಾ ಲೇಪಗಳು ಇಪ್ಪತ್ತು ನಿಮಿಷವೂ ಬಾಳಲಿಲ್ಲ. ಕೈಗೆ ಕಟ್ಟಿಕೊಳ್ಳುವ ಪಟ್ಟಿಗಳಿಂದ ಏನೂ ಉಪಯೋಗ ಕಾಣಲಿಲ್ಲ. ಪಂಜರದ ಪರೀಕ್ಷೆ ಬಯಲಿನದಕ್ಕಿಂತ ಕಠಿಣವೆಂಬುದು ನಿಜವಾದರೂ, ಅನುಕ್ರಮದ ವಿಷಯದಲ್ಲಿ ಸಂಶಯಕ್ಕೆ ಆಸ್ಪದವಿಲ್ಲ.

ಇಲ್ಲಿಯೇ ಹಳೆಯ ಗಂಧಿಗರ ಕಲೆ ನೆನಪಾಗುತ್ತದೆ. ಥಾಯ್ಲೆಂಡಿನಲ್ಲಿ ೨೦೦೧ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರಿಸಿನ, ಸಿಟ್ರೊನೆಲಾ ಮೊದಲಾದ ತೈಲಗಳಿಗೆ ಶೇಕಡಾ ೫ರಷ್ಟು ವೆನಿಲಿನ್ ಸೇರಿಸಿದಾಗ ಅವು ಕಾಪಾಡುವ ಅವಧಿ ಬಹಳವಾಗಿ ಹೆಚ್ಚಿತು. ಪರಿಮಳವನ್ನು ಹಿಡಿದಿಡುವ ಹಳೆಯ ಉಪಾಯವೇ ಇದು. ನಮ್ಮ ದೇಶದಲ್ಲಿ ಮಲೇರಿಯ ಸಂಶೋಧನ ಕೇಂದ್ರದ ವಿ. ಪಿ. ಶರ್ಮಾ ಮತ್ತು ಅವರ ಸಂಗಡಿಗರು ೧೯೯೩ರಲ್ಲಿ ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ ೨ರಷ್ಟು ಬೇವಿನೆಣ್ಣೆ ಬೆರೆಸಿ ಸವರಿದಾಗ ಅನಾಫಿಲಿಸ್ ಜಾತಿಯ ಸೊಳ್ಳೆಗಳಿಂದ ಹನ್ನೆರಡು ತಾಸುಗಳ ರಕ್ಷಣೆ ದೊರೆತುದನ್ನು ವರದಿ ಮಾಡಿದರು. ಬೇವಿನೆಣ್ಣೆ ಸುಗಂಧ ತೈಲಗಳ ವರ್ಗಕ್ಕೆ ಸೇರಿದುದಲ್ಲ. ಬೀಜವನ್ನು ಗಾಣಕ್ಕೆ ಹಾಕಿ ತೆಗೆಯುವ ಜಿಡ್ಡಿನೆಣ್ಣೆ ಅದು. ಬೇಗನೆ ಆರದಿರುವುದೇ ಅದರ ಅನುಕೂಲವಿರಬೇಕು. ವಾಸನೆಯನ್ನು ಸಹಿಸಬಲ್ಲವರಿಗೆ ಇದು ಅಗ್ಗದ ಉಪಾಯ.

ನೀಲಗಿರಿ ಎಣ್ಣೆಯ ವಿಷಯದಲ್ಲಿ ಒಂದು ಗೊಂದಲವಿದೆ. ನೆಗಡಿಗೆ ಬಳಸುವ ಅಂಗಡಿಯ ನೀಲಗಿರಿ ಎಣ್ಣೆಯಲ್ಲಿ ಮುಖ್ಯವಾಗಿರುವುದು ಸಿನಿಯೋಲ್. ಸೊಳ್ಳೆಯ ವಿಷಯದಲ್ಲಿ ಹೆಸರು ಗಳಿಸಿದುದು ನಿಂಬೆಯ ವಾಸನೆಯುಳ್ಳ ಬೇರೊಂದು ನೀಲಗಿರಿ ಮರ. ಅದರ ಎಲೆಯ ಸಿಟ್ರೊನೆಲಾಲನ್ನು ಆಮ್ಲದಿಂದ ಸಂಸ್ಕರಿಸಿದಾಗ ಪಿಎಂಡಿ ಎಂದು ಸಂಕ್ಷೇಪಿಸಿ ಕರೆಯುವ, ನಿಧಾನವಾಗಿ ಆವಿಯಾಗುವ ದ್ರವ್ಯ ದೊರೆಯುತ್ತದೆ. ೨೦೦೫ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ಶಿಫಾರಸು ಮಾಡಿದ ಸಸ್ಯಮೂಲದ ನಿವಾರಕ ಇದೇ. ಹಸಿ ಎಣ್ಣೆಯಲ್ಲಿ ಅದರ ಪ್ರಮಾಣ ಅತ್ಯಲ್ಪ. ಆದುದರಿಂದ ಒಂದರ ಕೀರ್ತಿಯನ್ನು ಇನ್ನೊಂದರ ಸೀಸೆಗೆ ಅಂಟಿಸಿ ಮಾರುವುದು ಸರಿಯಲ್ಲ. "ನೈಸರ್ಗಿಕ" ಎಂಬ ಮಾತು ನಿರಪಾಯವೆಂಬುದಕ್ಕೆ ಪರ್ಯಾಯವೂ ಅಲ್ಲ: ಬೆರಕೆಯಿಲ್ಲದ ಸುಗಂಧ ತೈಲ ಚರ್ಮವನ್ನು ಸುಡಬಲ್ಲುದು; ಕರ್ಪೂರ ಅಥವಾ ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು; ಪಿಎಂಡಿಯನ್ನು ಮೂರು ವರ್ಷದೊಳಗಿನ ಕೂಸುಗಳಿಗೆ ಹಚ್ಚಬಾರದೆಂದು ಅದೇ ಕೇಂದ್ರದ ಎಚ್ಚರಿಕೆಯಿದೆ. ಮುಚ್ಚಿದ ಕೋಣೆಯಲ್ಲಿ ಹಾಕಿದ ಹೊಗೆ ಸೊಳ್ಳೆಗಿಂತ ಮೊದಲು ಮನುಷ್ಯನ ಶ್ವಾಸಕೋಶವನ್ನು ಮುಟ್ಟುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ನಮ್ಮ ಸೀಮೆಯ ಅನುಭವಕ್ಕೆ ಬರೋಣ. ೧೮೮೩ರಲ್ಲಿ ಹೊರಬಂದ ಮುಂಬಯಿ ಗ್ಯಾಝೆಟಿಯರಿನ ಕಾನಡಾ ಸಂಪುಟವನ್ನು ಓದಿದವರಿಗೆ ಘಟ್ಟದ ಮೇಲಿನ ತಾಲೂಕುಗಳ ಜ್ವರದ ಪ್ರಸ್ತಾಪ ಪರಿಚಿತವಾಗಿಯೇ ಇರುತ್ತದೆ. ಕಾಡಿನ ಗಾಳಿ, ಕೊಳೆತ ಎಲೆ, ಕೆಟ್ಟ ನೀರುಗಳೇ ಅಂದು ಜ್ವರದ ಕಾರಣಗಳೆಂದು ತಿಳಿಯಲಾಗುತ್ತಿತ್ತು. ರೋನಾಲ್ಡ್ ರಾಸ್‌ನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯದ ಜೀವಾಣುವನ್ನು ಕಂಡುದು ೧೮೯೭ರ ಆಗಸ್ಟ್ ೨೦ರಂದು. ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ ೧೯೦೧ರಲ್ಲಿ ೪,೫೪,೪೯೦ ಇದ್ದುದು ಮುಂದಿನ ಎರಡು ದಶಕಗಳಲ್ಲಿ ಏರುವುದರ ಬದಲು ಇಳಿಯಿತು. ಇದಕ್ಕೆ ಪ್ಲೇಗು ಮತ್ತು ೧೯೧೮ರ ಇನ್‌ಫ್ಲುಯೆಂಝಾಗಳೂ ಕಾರಣವಾದುದರಿಂದ ಹೊಣೆಯನ್ನೆಲ್ಲ ಮಲೇರಿಯದ ಮೇಲೆ ಹೊರಿಸಲಾಗದು. ಆದರೂ ವರ್ಷ ವರ್ಷವೂ ಮರಳಿ ಬಂದು ದುಡಿಯುವ ಮೈಯನ್ನು ಸೊರಗಿಸಿ, ಹೊಲಗದ್ದೆಗಳನ್ನು ಬೀಳುಗೆಡವಿದುದು ಚಳಿಜ್ವರವೇ. ಈ ಜನರ ಮನೆಗಳಲ್ಲಿ ಹೊಗೆಗೆ ಬರವಿರಲಿಲ್ಲ. ಒಲೆಯ ಹೊಗೆ, ಸೊಪ್ಪಿನ ಹೊಗೆಗಳ ನಡುವೆಯೇ ಅವರು ಬಾಳಿದರು. ಜ್ವರವೂ ಅವರ ನಡುವೆಯೇ ಬಾಳಿತು.

ಈ ವಿರೋಧಾಭಾಸವನ್ನು ಬಿಡಿಸುವುದಕ್ಕೆ ರೋಗದ ಕಾಲಗಣನೆಯನ್ನು ಅರಿಯಬೇಕು. ಘಟ್ಟದ ಸೀಮೆಯ ಮುಖ್ಯ ವಾಹಕ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಅದು ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ರಾತ್ರಿ ಮನೆ ಹೊಕ್ಕು ಕಚ್ಚಿ, ಹೊಟ್ಟೆ ತುಂಬಿದಮೇಲೆ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಜ್ವರಪೀಡಿತನ ರಕ್ತ ಹೀರಿದ ಸೊಳ್ಳೆ ಒಡನೆಯೇ ರೋಗ ಹರಡಲಾರದು. ಜೀವಾಣು ಅದರೊಳಗೆ ಪಕ್ವವಾಗಲು ಸುಮಾರು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ಅದು ಹಲವು ಸಲ ಮನುಷ್ಯರನ್ನು ಕಚ್ಚುತ್ತದೆ. ಹಲವು ಸಲ ಗೋಡೆಯ ಮೇಲೆ ಕೂರುತ್ತದೆ. ಈಗ ಸುಗಂಧದ ಕೆಲಸವನ್ನು ಇದಕ್ಕೆ ಹೋಲಿಸಿ ನೋಡಬೇಕು. ಹೊಗೆಯಾಗಲಿ ಎಣ್ಣೆಯಾಗಲಿ ಕಾಯುವುದು ಒಂದು ಮೈಯನ್ನು, ಕೆಲವು ತಾಸುಗಳ ಕಾಲ. ಓಡಿಸಲ್ಪಟ್ಟ ಸೊಳ್ಳೆ ಸಾಯುವುದಿಲ್ಲ. ನಡುರಾತ್ರಿ ಹೊಗೆ ಆರಿದಮೇಲೆ ಮರಳುತ್ತದೆ, ಇಲ್ಲವೆ ಪಕ್ಕದ ಮನೆಗೆ ಹೋಗುತ್ತದೆ. ಈ ಎರಡನೆಯ ಮಾತು ಬರಿಯ ಊಹೆಯಲ್ಲ. ನಿವಾರಕ ಬಳಸುವವರ ಮನೆಗಳಿಂದ ಬಳಸದ ನೆರೆಯವರ ಮನೆಗಳಿಗೆ ಸೊಳ್ಳೆ ತಿರುಗುವುದನ್ನು ೨೦೧೩ರಲ್ಲಿ ತಾಂಜಾನಿಯದಿಂದ ಬಂದ ವರದಿ ತೋರಿಸಿದೆ. ಒಬ್ಬನ ರಕ್ಷಣೆ ಇನ್ನೊಬ್ಬನ ಹಾನಿಯಾಗಬಹುದು; ತೈಲ ಕೊಳ್ಳಲು ಶಕ್ತಿಯಿಲ್ಲದವನೇ ಆ ಇನ್ನೊಬ್ಬನಾಗುವ ಸಂಭವ ಹೆಚ್ಚು.

೧೯೪೬ರಲ್ಲಿ ಮುಂಬಯಿ ಪ್ರಾಂತದ ಮಲೇರಿಯ ಅಧಿಕಾರಿಗಳಾದ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದುದು ಇದಕ್ಕೆ ತದ್ವಿರುದ್ಧವಾದ ಕ್ರಮ. ಮನುಷ್ಯನ ಮೈಯನ್ನು ಬಿಟ್ಟು ಮನೆಯ ಗೋಡೆಗಳಿಗೆ ಡಿಡಿಟಿಯನ್ನು ಸಿಂಪಡಿಸಲಾಯಿತು. ಅದು ಆವಿಯಾಗದೆ ತಿಂಗಳುಗಟ್ಟಲೆ ಗೋಡೆಯಲ್ಲಿಯೇ ಉಳಿಯುವ ವಸ್ತು. ಸುಗಂಧ ತೈಲಕ್ಕೆ ಇಲ್ಲದ ಗುಣ ಅದಕ್ಕಿತ್ತು. ಕಚ್ಚಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ಸತ್ತಿತು. ಜೀವಾಣು ಪಕ್ವವಾಗುವ ಮೊದಲೇ ಸರಪಳಿ ಕಡಿಯಿತು. ಮೊದಲ ವರುಷದ ಫಲಿತಾಂಶಗಳು ೧೯೪೭ರಲ್ಲಿ ಭಾರತೀಯ ಮಲೇರಿಯಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದವು. ಹಳ್ಳಿಗಾಡಿನ ಮಲೇರಿಯವನ್ನು ಹತೋಟಿಗೆ ತರಬಹುದೆಂಬ ಧೈರ್ಯವನ್ನು ದೇಶಕ್ಕೆ ಕೊಟ್ಟ ಪ್ರಯೋಗಗಳಲ್ಲಿ ಧಾರವಾಡ-ಉತ್ತರ ಕನ್ನಡದ ಈ ಪ್ರಯೋಗ ಮುಂಚೂಣಿಯದು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆ ವೇಳೆಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಈ ಜ್ವರಕ್ಕೆ ಗುರಿಯಾಗಿ ಎಂಟು ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. ೧೯೬೫ರಲ್ಲಿ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು. ನಮ್ಮ ನಾಡಿನ ಇತಿಹಾಸ ಗ್ರಂಥಗಳು ಏಕೀಕರಣದ ಆ ದಶಕವನ್ನು ಕುರಿತು ಪುಟಗಟ್ಟಲೆ ಬರೆದರೂ ಗೋಡೆಗೆ ಮದ್ದು ಹೊಡೆದ ಈ ಕೆಲಸಕ್ಕೆ ಒಂದು ವಾಕ್ಯವನ್ನೂ ಮೀಸಲಿಡುವುದು ಅಪರೂಪ.

ವಿಜಯ ಮಾತ್ರ ಶಾಶ್ವತವಾಗಲಿಲ್ಲ. ಸೊಳ್ಳೆಗಳು ಡಿಡಿಟಿಯನ್ನು ಸಹಿಸಲು ಕಲಿತವು. ೧೯೭೬ರಲ್ಲಿ ರೋಗಿಗಳ ಸಂಖ್ಯೆ ಮತ್ತೆ ಅರುವತ್ತನಾಲ್ಕು ಲಕ್ಷವನ್ನು ಮುಟ್ಟಿತು. ನೆಲದಲ್ಲಿ ಮತ್ತು ಜೀವಿಗಳ ಮೈಯಲ್ಲಿ ಬಹುಕಾಲ ಉಳಿಯುವ ಅದರ ಗುಣವೇ ಆಕ್ಷೇಪಕ್ಕೆ ಕಾರಣವಾಯಿತು. ಸಸ್ಯತೈಲಗಳ ಕಡೆ ಜನ ಮತ್ತೆ ತಿರುಗಿದುದು ಈ ಹಿನ್ನೆಲೆಯಲ್ಲಿ. ಅವು ರೋಗದ ಮಟ್ಟದಲ್ಲಿಯೂ ನೆರವಾಗಬಲ್ಲವೆಂಬುದಕ್ಕೆ ಒಂದು ಒಳ್ಳೆಯ ಪ್ರಮಾಣವಿದೆ. ಬೊಲಿವಿಯದ ಅಮೆಝಾನ್ ಪ್ರದೇಶದಲ್ಲಿ ಮದ್ದು ಹಚ್ಚಿದ ಸೊಳ್ಳೆಪರದೆಯ ಜೊತೆಗೆ ಸಂಜೆ ಪಿಎಂಡಿ ಸವರಿಕೊಂಡ ಮನೆಗಳಲ್ಲಿ, ಪರದೆಯನ್ನು ಮಾತ್ರ ಬಳಸಿದವರಿಗೆ ಹೋಲಿಸಿದರೆ, ವೈವ್ಯಾಕ್ಸ್ ಮಲೇರಿಯ ಶೇಕಡಾ ೮೦ರಷ್ಟು ಕಡಿಮೆಯಾದುದು ೨೦೦೭ರಲ್ಲಿ ವರದಿಯಾಯಿತು. ಅಲ್ಲಿಯ ಸೊಳ್ಳೆ ಮುಸ್ಸಂಜೆಯಲ್ಲಿ ಕಚ್ಚುವಂಥದು. ಜನ ಮಲಗುವ ಮೊದಲಿನ ಎರಡು ಮೂರು ತಾಸುಗಳೇ ಅಪಾಯದ ಹೊತ್ತು. ತೈಲದ ಆಯುಸ್ಸು ಮತ್ತು ಅಪಾಯದ ಅವಧಿ ಹೊಂದಿಕೊಂಡುದರಿಂದ ಫಲ ದೊರೆಯಿತು.

ಹುಬ್ಬಳ್ಳಿ-ಧಾರವಾಡದಲ್ಲಿ ಈಗಿನ ಅಳಲು ಹೆಚ್ಚಾಗಿ ಡೆಂಗೆಯದು. ೨೦೨೪ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಇದರ ವಾಹಕವಾದ ಈಡಿಸ್ ಸೊಳ್ಳೆ ಹಗಲಿನಲ್ಲಿ, ವಿಶೇಷವಾಗಿ ಮುಂಜಾನೆ ಮತ್ತು ಸಂಜೆಯ ಮುಂಚೆ ಕಚ್ಚುತ್ತದೆ. ಶಾಲೆಗೆ ಹೋಗುವ ಮಗುವಿಗೆ ಬೆಳಿಗ್ಗೆ ಹಚ್ಚಿದ ಸಿಟ್ರೊನೆಲಾ ಮೊದಲನೆಯ ಪಾಠದ ಗಂಟೆಯವರೆಗೂ ಉಳಿಯದು. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದರೆ ಸ್ವಲ್ಪ ಹೆಚ್ಚು ಹೊತ್ತು, ತುಂಬುತೋಳಿನ ಅಂಗಿ ಇನ್ನೂ ಹೆಚ್ಚು ಹೊತ್ತು. ಸಂಜೆ ಹೊತ್ತು ಕಟ್ಟೆಯ ಮೇಲೆ ಕುಳಿತು ಮಾತನಾಡುವವರಿಗೆ, ಕೆರೆಯ ದಂಡೆಯಲ್ಲಿ ತಿರುಗಾಡುವವರಿಗೆ ತೈಲ ನಿಶ್ಚಯವಾಗಿ ನೆಮ್ಮದಿ ಕೊಡುತ್ತದೆ. ಗಂಟೆಗೊಮ್ಮೆಯಾದರೂ ಮತ್ತೆ ಸವರಿಕೊಳ್ಳಬೇಕು, ಅಷ್ಟೇ.

ಈಡಿಸ್ ಸೊಳ್ಳೆ ಹುಟ್ಟುವುದು ಮನೆಯೊಳಗಿನ ಶುದ್ಧ ನೀರಿನಲ್ಲಿ. ನಳಕ್ಕೆ ದಿನಗಳ ಅಂತರದ ಮೇಲೆ ನೀರು ಬಿಡುವ ಪದ್ಧತಿ ಈ ಅವಳಿ ನಗರಗಳಲ್ಲಿ ದೀರ್ಘಕಾಲ ನಡೆದುಬಂದುದರಿಂದ ತೊಟ್ಟಿ, ಹಂಡೆ, ಡ್ರಮ್ಮುಗಳಲ್ಲಿ ನೀರು ತುಂಬಿಡುವುದು ಗೃಹಕೃತ್ಯದ ಅಂಗವೇ ಆಗಿದೆ. ೨೦೦೮ರಲ್ಲಿ ಕೆಲವು ವಾರ್ಡುಗಳಲ್ಲಿ ಸತತ ನೀರು ಪೂರೈಕೆ ಪ್ರಾಯೋಗಿಕವಾಗಿ ಆರಂಭವಾದಾಗ ಅದನ್ನು ಅನುಕೂಲದ ದೃಷ್ಟಿಯಿಂದ ಎಲ್ಲರೂ ನೋಡಿದರು. ಸೊಳ್ಳೆಯ ದೃಷ್ಟಿಯಿಂದ ನೋಡಿದವರು ಕಡಿಮೆ. ೧೮೮೩ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ತರುಣ ರಾಸ್‌ನು ತನ್ನ ಬಂಗಲೆಯಲ್ಲಿ ಸೊಳ್ಳೆಯ ಕಾಟ ಅತಿಯಾದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ತುಂಬಿರುವುದನ್ನು ಕಂಡು ತೊಟ್ಟಿಯನ್ನು ಬರಿದುಮಾಡಿಸಿದ, ಕಾಟ ತಗ್ಗಿತು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಆಗ ಅವನಿಗೂ ತಿಳಿದಿರಲಿಲ್ಲ. ಈಡಿಸಿನ ವಿಷಯದಲ್ಲಾದರೋ ನೀರು ಚೆಲ್ಲಿದರಷ್ಟೇ ಸಾಲದು. ಅದರ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು, ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಮೊಟ್ಟೆಯೊಡೆದು ರೆಕ್ಕೆ ಮೂಡಲು ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ಡ್ರಮ್ಮನ್ನು ಬರಿದುಮಾಡಿ, ಒಳಗಿನ ಗೋಡೆಯನ್ನು ತೆಂಗಿನ ನಾರಿನಿಂದ ಬಲವಾಗಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮತ್ತೆ ತುಂಬಿದಮೇಲೆ ಬಟ್ಟೆ ಕಟ್ಟಿ ಮುಚ್ಚಬೇಕು.